ಒಂದು ವಸ್ತು, ಎರಡು ಮುಖ: ಕಾಂಪೊನೆಂಟ್ ಪ್ರೋಗ್ರಾಮಿಂಗಿನ ಪ್ರಥಮ ಪಾಠಗ್ರಂಥವೂ ಕನ್ನಡದ ಓದುಗನೂ

ಕನ್ನಡ ವಿಮರ್ಶೆಯು ಶಾಸ್ತ್ರಗ್ರಂಥಗಳನ್ನು ಸಾಹಿತ್ಯ ಚರಿತ್ರೆಯ ಅಂಚಿನಲ್ಲಿಯೇ ಇರಿಸಿಕೊಂಡು ಬಂದಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವನ್ನು ಚರಿತ್ರೆಕಾರರು ತಪ್ಪದೆ ಹೆಸರಿಸುತ್ತಾರೆ. ಆದರೆ ಆತ ಲೆಕ್ಕವನ್ನು ಯಾವ ಕ್ರಮದಲ್ಲಿ ಹೇಳಿದ, ತನ್ನ ಓದುಗನಿಗೆ ಮೊದಲೇ ಏನು ತಿಳಿದಿದೆಯೆಂದು ಭಾವಿಸಿದ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಬೆಳ್ಳಾವೆ ವೆಂಕಟನಾರಣಪ್ಪನವರ ‘ವಿಜ್ಞಾನ’ ಪತ್ರಿಕೆಯ ಮತ್ತು ಶಿವರಾಮ ಕಾರಂತರ ವಿಜ್ಞಾನ ಸಂಪುಟಗಳ ವಿಷಯದಲ್ಲಿಯೂ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ತಿಳಿಯದವನಿಗೆ ತಿಳಿಯುವಂತೆ ಹೇಳುವುದು ಒಂದು ನಿರೂಪಣಾ ಪ್ರಕಾರ. ಅದಕ್ಕೆ ತನ್ನದೇ ಆದ ಆರಂಭ, ಬಂಧ, ಉದಾಹರಣೆಗಳ ಲೋಕ ಇರುತ್ತವೆ. ಈ ದೃಷ್ಟಿಯಿಂದ ನೋಡಿದರೆ ಗಣಕ ಪ್ರೋಗ್ರಾಮಿಂಗಿನ ಪ್ರಥಮ ಪಾಠಗ್ರಂಥವೂ ವಿಮರ್ಶೆಗೆ ಯೋಗ್ಯವಾದ ಕೃತಿಯೇ.

ಡೇಲ್ ರೋಜರ್ಸನ್ ಬರೆದು, 1997ರಲ್ಲಿ ಮೈಕ್ರೋಸಾಫ್ಟ್ ಪ್ರೆಸ್ ಪ್ರಕಟಿಸಿದ ‘ಇನ್‌ಸೈಡ್ ಕಾಮ್’ ಅಂಥ ಒಂದು ಗ್ರಂಥ. ಕಾಮ್ ಎಂಬುದು ಕಾಂಪೊನೆಂಟ್ ಆಬ್ಜೆಕ್ಟ್ ಮಾಡೆಲ್ ಎಂಬುದರ ಹ್ರಸ್ವರೂಪ; ಮೈಕ್ರೋಸಾಫ್ಟ್ ಸಂಸ್ಥೆ 1993ರಲ್ಲಿ ಹೊರತಂದ ವ್ಯವಸ್ಥೆ. ಅದರ ಹಿಂದಿನ ಆಲೋಚನೆ ಇನ್ನೂ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ಲಸ್ ಮ್ಯಾಕಿಲ್‌ರಾಯ್, ತಂತ್ರಾಂಶವನ್ನೂ ಕಾರ್ಖಾನೆಯ ಬಿಡಿಭಾಗಗಳಂತೆ ತಯಾರಿಸಿ ಜೋಡಿಸಬೇಕೆಂಬ ವಾದವನ್ನು ಮಂಡಿಸಿದ್ದರು. ಒಂದೇ ಬಂಡೆಯಂತೆ ಕಟ್ಟಿದ ಪ್ರೋಗ್ರಾಮಿನಲ್ಲಿ ಸಣ್ಣ ದೋಷ ತಿದ್ದಲು ಇಡಿಯನ್ನೇ ಮತ್ತೆ ಕಟ್ಟಬೇಕು. ಬಿಡಿ ಘಟಕಗಳಿಂದ ಕಟ್ಟಿದರೆ ಕೆಟ್ಟುದನ್ನು ಮಾತ್ರ ತೆಗೆದು ಹೊಸದನ್ನು ಕೂರಿಸಬಹುದು. ಬಯಲುಸೀಮೆಯ ಒಕ್ಕಲಿಗನಿಗೆ ಇದರಲ್ಲಿ ಹೊಸತೇನೂ ಇಲ್ಲ. ಕೂರಿಗೆಯ ಕೊಳವೆ ಸೀಳಿದರೆ ಅವನು ಕೊಳವೆಯನ್ನು ಬದಲಿಸುತ್ತಾನೆ, ಕೂರಿಗೆಯನ್ನಲ್ಲ. ಹೊಸ ಕೊಳವೆ ಹಳೆಯ ಬಟ್ಟಲಿನ ರಂಧ್ರಕ್ಕೆ ಹೊಂದಬೇಕು ಎಂಬುದೊಂದೇ ನಿಬಂಧನೆ. ಆ ರಂಧ್ರದ ಅಳತೆಗೆ ಗಣಕಶಾಸ್ತ್ರವು ಇಂಟರ್‌ಫೇಸ್ ಎಂದು ಹೆಸರಿಟ್ಟಿದೆ.

ರೋಜರ್ಸನ್‌ನ ಹೆಚ್ಚುಗಾರಿಕೆ ಅವನ ಕ್ರಮದಲ್ಲಿದೆ. ಇದೇ ವಿಷಯವನ್ನು ಕುರಿತ ಡಾನ್ ಬಾಕ್ಸ್‌ನ ‘ಎಸೆನ್ಷಿಯಲ್ ಕಾಮ್’ 1998ರಲ್ಲಿ ಬಂದಿತು. ಅದು ಬಲ್ಲವರಿಗಾಗಿ ಬರೆದ, ಬಿಗಿಯಾದ ಗ್ರಂಥ. ರೋಜರ್ಸನ್ ಹಾಗೆ ಮಾಡುವುದಿಲ್ಲ. ಮೊದಲ ಅಧ್ಯಾಯಗಳಲ್ಲಿ ಅವನು ಕಾಮ್ ವ್ಯವಸ್ಥೆಯ ಸಿದ್ಧ ಗ್ರಂಥಾಲಯವನ್ನು ಮುಟ್ಟುವುದೇ ಇಲ್ಲ. ಸಾಮಾನ್ಯ ಸಿ++ ಭಾಷೆಯಲ್ಲಿ ಅದರ ತತ್ತ್ವವನ್ನು ಕೈಯಿಂದಲೇ ಕಟ್ಟಿ ತೋರಿಸುತ್ತಾನೆ. ಮೊದಲು ಇಂಟರ್‌ಫೇಸ್, ಆಮೇಲೆ ಒಂದು ಮುಖದಿಂದ ಇನ್ನೊಂದನ್ನು ಕೇಳುವ ಕ್ವೆರಿಇಂಟರ್‌ಫೇಸ್, ಆಮೇಲೆ ಬಳಕೆದಾರರ ಎಣಿಕೆ, ಬಳಿಕ ಘಟಕವನ್ನು ಪ್ರತ್ಯೇಕ ಕಡತಕ್ಕೆ ಸಾಗಿಸುವುದು. ನೋಂದಣಿ, ಘಟಕಗಳನ್ನು ಸೃಷ್ಟಿಸುವ ಕ್ಲಾಸ್ ಫ್ಯಾಕ್ಟರಿ ಇವೆಲ್ಲ ಅದಾದ ಮೇಲೆ. ಪ್ರತಿ ಅಧ್ಯಾಯವೂ ಹಿಂದಿನದಕ್ಕೆ ಒಂದು ಹಿಡಿಯಷ್ಟನ್ನು ಮಾತ್ರ ಸೇರಿಸುತ್ತದೆ. ಸಿದ್ಧ ವ್ಯವಸ್ಥೆ ಕೊನೆಗೆ ಎದುರಾಗುವ ವೇಳೆಗೆ ಓದುಗನು ಅದನ್ನು ತಾನೇ ಅರ್ಧ ಕಟ್ಟಿಬಿಟ್ಟಿರುತ್ತಾನೆ, ಆದುದರಿಂದ ಬೆದರುವುದಿಲ್ಲ. ಈ ಬೋಧನಕ್ರಮದ ಔದಾರ್ಯವನ್ನು ಮೆಚ್ಚದೆ ಗ್ರಂಥದ ಕೊರತೆಯನ್ನು ಹೇಳುವುದು ಅನ್ಯಾಯವಾದೀತು.

ಕೊರತೆ ಇರುವುದು ಉದಾಹರಣೆಗಳ ಲೋಕದಲ್ಲಿ. ಈ ಅಧ್ಯಾಯಗಳ ಘಟಕದ ಹೆಸರು ‘ಸಿಎ’. ಅದರ ಮುಖಗಳು ‘ಐಎಕ್ಸ್’ ಮತ್ತು ‘ಐವೈ’. ಅವುಗಳೊಳಗಿನ ಕ್ರಿಯೆಗಳು ‘ಎಫ್‌ಎಕ್ಸ್’, ‘ಎಫ್‌ವೈ’. ಇವಕ್ಕೆ ಊರಿಲ್ಲ, ಉಪಯೋಗವೂ ಇಲ್ಲ. ಗ್ರಂಥದ ಕೊನೆಗೆ ಮಾತ್ರ ಟ್ಯಾಂಗ್ರಾಮ್ ಎಂಬ ಏಳು ತುಂಡುಗಳ ಚೀನೀ ಆಟ ಬಂದು ಘಟಕಗಳಿಗೆ ಒಂದು ಕೆಲಸ ಕೊಡುತ್ತದೆ. ಹೀಗೆ ಹೆಸರಿಡುವುದಕ್ಕೆ ಕಾರಣವಿಲ್ಲದಿಲ್ಲ: ಅರ್ಥವುಳ್ಳ ಹೆಸರು ಓದುಗನ ಗಮನವನ್ನು ತತ್ತ್ವದಿಂದ ಕಥೆಯತ್ತ ಸೆಳೆದೀತು. ಅಮೆರಿಕದ ಓದುಗನಿಗೆ ಇದರಿಂದ ನಷ್ಟವಾಗದು; ಅವನ ಸುತ್ತಲಿನ ಭಾಷೆ, ಕಚೇರಿ, ಪತ್ರಿಕೆ ಎಲ್ಲವೂ ಆ ನಿರ್ವಾತವನ್ನು ತುಂಬಿಕೊಡುತ್ತವೆ. ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಹುಬ್ಬಳ್ಳಿಯ ತಾಂತ್ರಿಕ ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಹಾಗಲ್ಲ. ಅವನು ಏಕಕಾಲಕ್ಕೆ ಮೂರು ಅಪರಿಚಿತಗಳನ್ನು ಎದುರಿಸುತ್ತಾನೆ: ಇಂಗ್ಲಿಷಿನ ವಾಕ್ಯ, ಸಿ++ ಭಾಷೆಯ ಚಿಹ್ನೆ, ಹೆಸರೇ ಇಲ್ಲದ ಉದಾಹರಣೆ. ಮೂರರಲ್ಲಿ ಒಂದಾದರೂ ಪರಿಚಿತವಾಗಿದ್ದರೆ ಉಳಿದೆರಡಕ್ಕೆ ಆಸರೆಯಾಗುತ್ತಿತ್ತು. ಆತನ ಸೋಲನ್ನು ಬುದ್ಧಿಯ ಸೋಲೆಂದು ಶಾಲೆಯೂ ಮನೆಯೂ, ಕೊನೆಗೆ ಸ್ವತಃ ಅವನೂ ತಿಳಿಯುತ್ತಾರೆ. ಇಲ್ಲಿ ನಿಜವಾಗಿ ಸೋತಿರುವುದು ಬರವಣಿಗೆ.

ನವಲಗುಂದ ತಾಲ್ಲೂಕಿನ ಯಮನೂರನ್ನು ಈ ಪ್ರಸಂಗದಲ್ಲಿ ನೆನೆಯಲು ಕಾರಣವಿದೆ. ಬೆಣ್ಣಿಹಳ್ಳದ ದಂಡೆಯ, ಎರೆಭೂಮಿಯ ನಡುವಿನ ಈ ಊರು ತನ್ನ ಜಾತ್ರೆಯಿಂದ ಪ್ರಸಿದ್ಧವಾಗಿದೆ. ಇಲ್ಲಿನ ಆರಾಧ್ಯನನ್ನು ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗ್‌ಸವಾರನೆಂದೂ ಕರೆಯುತ್ತಾರೆ. ಹಳ್ಳದ ನೀರಿನಿಂದ ದೀಪ ಉರಿಯಿತೆಂಬ ಪ್ರತೀತಿಯೂ ಈ ಸ್ಥಳಕ್ಕಿದೆ. ಗದ್ದುಗೆ ಒಂದೇ. ಯಾವ ಹೆಸರಿನಿಂದ ಬಂದವನಿಗೂ ಇನ್ನೊಂದು ಹೆಸರು ನಿಷಿದ್ಧವಲ್ಲ. ಒಂದು ಬಾಗಿಲಿನಿಂದ ಹೊಕ್ಕವನು ಇನ್ನೊಂದನ್ನು ವಿಚಾರಿಸಿದರೆ ಅದೇ ಸನ್ನಿಧಿಯನ್ನು ತಲುಪುತ್ತಾನೆ.

ಕ್ವೆರಿಇಂಟರ್‌ಫೇಸ್‌ನ ನಿಯಮಗಳು ಇದಕ್ಕಿಂತ ಬಹಳ ಬೇರೆಯಾಗಿಲ್ಲ. ಒಂದು ಘಟಕಕ್ಕೆ ಹಲವು ಮುಖಗಳಿರಬಹುದು. ‘ಐಎಕ್ಸ್’ ಮುಖದಿಂದ ‘ಐವೈ’ ದೊರೆತರೆ ‘ಐವೈ’ಯಿಂದ ‘ಐಎಕ್ಸ್’ ದೊರೆಯಲೇಬೇಕು. ಮೊದಲನೆಯದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು ಸಿಕ್ಕರೆ ಮೊದಲನೆಯದರಿಂದ ಮೂರನೆಯದೂ ಸಿಗಬೇಕು. ಒಮ್ಮೆ ಸಿಕ್ಕ ಮುಖ ಮತ್ತೊಮ್ಮೆ ಕೇಳಿದಾಗ ಇಲ್ಲವೆನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಮುಖದಿಂದ ಕೇಳಿದರೂ ‘ಐಅನ್‌ನೋನ್’ ಎಂಬ ಮೂಲಮುಖ ಒಂದೇ ಆಗಿರಬೇಕು. ಎರಡು ಮುಖಗಳು ಒಂದೇ ವಸ್ತುವಿನವೋ ಅಲ್ಲವೋ ಎಂಬುದನ್ನು ತಿಳಿಯಲು ಈ ವ್ಯವಸ್ಥೆಯಲ್ಲಿರುವ ಪ್ರಮಾಣ ಅದೊಂದೇ. ರೋಜರ್ಸನ್ ಈ ನಿಯಮಗಳಿಗೆ ಸಾಕಷ್ಟು ಪುಟಗಳನ್ನು ಕೊಟ್ಟಿದ್ದಾನೆ. ಯಮನೂರಿನ ಬಾಲಕನಿಗೆ ಅವುಗಳಲ್ಲಿ ಹೆಚ್ಚಿನವು ಜಾತ್ರೆಯಲ್ಲಿಯೇ ತಿಳಿದ ಸಂಗತಿಗಳು. ಅವನ್ನು ಅವನಿಗೆ ನೆನಪಿಸುವ ಗ್ರಂಥ ಬೇಕಾಗಿತ್ತು.

ಹೋಲಿಕೆಗೆ ಮಿತಿಯಿದೆ. ಶ್ರದ್ಧೆಯ ವಿಷಯವನ್ನು ಯಂತ್ರದ ವಿವರಣೆಗೆ ಬಳಸುವಾಗ ಲೇಖಕನಿಗೆ ವಿವೇಕ ಬೇಕು. ಮೇಲಾಗಿ ಇಂಟರ್‌ಫೇಸ್ ಎಂಬುದು ಗಣಕದ ಸ್ಮೃತಿಯಲ್ಲಿ ಕ್ರಿಯೆಗಳ ವಿಳಾಸಗಳನ್ನು ಸಾಲಾಗಿ ಇರಿಸಿದ ಒಂದು ಕೋಷ್ಟಕ ಎಂಬ ಅಂಶವನ್ನು ಯಾವ ಜಾತ್ರೆಯೂ ಕಲಿಸದು. ಅದನ್ನು ಚಿತ್ರ ಬರೆದೇ ತೋರಿಸಬೇಕು, ರೋಜರ್ಸನ್ ತೋರಿಸಿದ್ದಾನೆ. ಉಪಮೆಯು ಓದುಗನನ್ನು ಕೋಷ್ಟಕದ ಬಾಗಿಲವರೆಗೆ ಕರೆತಂದು ಅಲ್ಲಿ ಬಿಟ್ಟುಬಿಡಬೇಕು. ಒಳಗೂ ಹಿಂಬಾಲಿಸುವ ಉಪಮೆ ತೊಡಕಾಗುತ್ತದೆ; ಕನ್ನಡದ ಹಲವು ಜನಪ್ರಿಯ ವಿಜ್ಞಾನ ಲೇಖನಗಳ ದೌರ್ಬಲ್ಯವೂ ಇದೇ.

ಆಡ್‌ರೆಫ್ ಮತ್ತು ರಿಲೀಸ್ ಎಂಬ ಎರಡು ಕ್ರಿಯೆಗಳ ಅಧ್ಯಾಯವನ್ನು ಇದೇ ರೀತಿ ಪರಿಶೀಲಿಸಬಹುದು. ಘಟಕವನ್ನು ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಎಣಿಕೆಯನ್ನು ಘಟಕವೇ ಇಟ್ಟುಕೊಳ್ಳುತ್ತದೆ. ಪಡೆದಾಗ ಒಂದು ಕೂಡುತ್ತದೆ, ಬಿಟ್ಟಾಗ ಒಂದು ಕಳೆಯುತ್ತದೆ, ಸೊನ್ನೆಯಾದಾಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಬಿಡಲು ಮರೆತರೆ ಘಟಕ ಎಂದೂ ಸಾಯದು. ಒಮ್ಮೆ ಹೆಚ್ಚಾಗಿ ಬಿಟ್ಟರೆ ಇನ್ನೊಬ್ಬನು ಬಳಸುತ್ತಿರುವಾಗಲೇ ಸಾಯುತ್ತದೆ. ಊರ ಮದುವೆಗಳಿಗೆ ಕೊಡುವ ಸಮುದಾಯದ ಹಂಡೆಯ ಲೆಕ್ಕ ಬರೆದಿಟ್ಟವರಿಗೆ ಎರಡೂ ತಪ್ಪುಗಳ ಪರಿಣಾಮ ಗೊತ್ತು.

ಪಾರಿಭಾಷಿಕ ಪದಗಳ ಪ್ರಶ್ನೆ ಇಲ್ಲಿ ಏಳದೆ ಇರದು. ಇಂಟರ್‌ಫೇಸ್‌ಗೆ ‘ಅಂತರಸಂಪರ್ಕ ಸಾಧನ’ದಂಥ ಸಂಸ್ಕೃತ ಸಮಾಸವನ್ನು ಕಟ್ಟುವುದು ಒಂದು ದಾರಿ, ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದಂತೆ ಕನ್ನಡದ್ದೇ ಬೇರುಗಳಿಂದ ಪದ ಕಟ್ಟುವುದು ಇನ್ನೊಂದು. ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುವುದು ಮೂರನೆಯದು. ಕಲಿಯುವವನ ದೃಷ್ಟಿಯಿಂದ ನೋಡಿದರೆ ಈ ವಿವಾದಕ್ಕೆ ಇರುವ ತೂಕ ನಾವು ಕೊಟ್ಟಷ್ಟಿಲ್ಲ. ಕೆಲಸಕ್ಕೆ ಸೇರಿದ ದಿನ ಅವನಿಗೆ ಇಂಟರ್‌ಫೇಸ್ ಎಂಬ ಪದವೇ ಬೇಕಾಗುತ್ತದೆ. ಆ ಪದ ಏನು ಮಾಡುತ್ತದೆ ಎಂಬುದನ್ನು ಹೇಳುವ ವಾಕ್ಯ ಮಾತ್ರ ಕನ್ನಡದ್ದಾಗಿರಬೇಕು. ಯು. ಬಿ. ಪವನಜ ಅವರು ಸಿದ್ಧಪಡಿಸಿದ ಕನ್ನಡ ಲೋಗೋ ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗ: ಅಲ್ಲಿ ಆದೇಶಗಳೇ ಕನ್ನಡದಲ್ಲಿವೆ. ಮಕ್ಕಳಿಗೆ ಅದು ಸರಿಯಾದ ಆಯ್ಕೆ. ಕಾಂಪೊನೆಂಟ್‌ಗಳ ಹಂತಕ್ಕೆ ಬಂದ ತರುಣನಿಗೆ ಬೇಕಾದುದು ಆದೇಶದ ಅನುವಾದವಲ್ಲ, ವಿವರಣೆ.

ಇಂಟರ್‌ಫೇಸ್ ಎಂಬುದು ಕರಾರು. ಒಮ್ಮೆ ಪ್ರಕಟವಾದ ಮೇಲೆ ಅದನ್ನು ಬದಲಿಸುವಂತಿಲ್ಲ, ಬದಲಾವಣೆ ಬೇಕಾದರೆ ಹೊಸ ಗುರುತಿನ ಹೊಸ ಇಂಟರ್‌ಫೇಸನ್ನೇ ಪ್ರಕಟಿಸಬೇಕು ಎಂಬ ಪಾಠಕ್ಕೆ ಕನ್ನಡಿಗರ ಅನುಭವಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗದು. ಗಣಕದಲ್ಲಿ ಕನ್ನಡ ಬಂದ ಆರಂಭದ ವರ್ಷಗಳಲ್ಲಿ ಬೇರೆ ಬೇರೆ ತಂತ್ರಾಂಶಗಳು ಅಕ್ಷರಭಾಗಗಳಿಗೆ ಬೇರೆ ಬೇರೆ ಸಂಕೇತಗಳನ್ನು ಇಟ್ಟುಕೊಂಡಿದ್ದವು. ಒಂದರಲ್ಲಿ ಬೆರಳಚ್ಚಾದ ಲೇಖನ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಗ್ರಂಥಾಲಯಗಳೂ ಮುದ್ರಣಾಲಯಗಳೂ ಪರಿವರ್ತಕಗಳನ್ನು ಹುಡುಕಿಕೊಂಡು ಅಲೆದುದು ಕರಾರಿಲ್ಲದ ಘಟಕಗಳ ಫಲವೇ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದರೂ, ಆ ಅಕ್ಷರಗಳನ್ನು ಒತ್ತಕ್ಷರಸಹಿತ ಮೂಡಿಸುವ ಸಾಮರ್ಥ್ಯ ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ, ತುಂಗಾ ಫಾಂಟಿನೊಡನೆ ಬಂದಿತು. ಅಕ್ಷರ ಜೋಡಿಸುವ ಕೆಲಸ ಯೂನಿಸ್ಕ್ರೈಬ್ ಎಂಬ ಪ್ರತ್ಯೇಕ ಕಡತದ್ದು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಕಾಮ್ ಘಟಕವಲ್ಲ, ಸಾಮಾನ್ಯ ಕ್ರಿಯಾಸಂಗ್ರಹ. ಆದರೆ ತತ್ತ್ವ ಅದೇ. ನೋಟ್‌ಪ್ಯಾಡ್ ಬರೆದವನಿಗೆ ಕನ್ನಡ ಗೊತ್ತಿರಬೇಕಾಗಲಿಲ್ಲ, ಅವನ ಪ್ರೋಗ್ರಾಮಿನಲ್ಲಿ ಕನ್ನಡ ಮೂಡಿತು. ಕೀಲಿಮಣೆಯಿಂದ ಅಕ್ಷರ ಒಳಬರುವ ಟೆಕ್ಸ್ಟ್ ಸರ್ವಿಸಸ್ ಎಂಬ ವ್ಯವಸ್ಥೆಯಂತೂ ಸಂಪೂರ್ಣ ಕಾಮ್ ಆಧಾರಿತ. ಕನ್ನಡ ಅಕ್ಷರ ಪರದೆಗೆ ಬರುವ ದಾರಿಯನ್ನೇ ಉದ್ದಕ್ಕೂ ಉದಾಹರಣೆಯಾಗಿಟ್ಟುಕೊಂಡು ಕಾಂಪೊನೆಂಟ್ ಪ್ರೋಗ್ರಾಮಿಂಗನ್ನು ಕಲಿಸುವ ಪ್ರಥಮ ಪಾಠಗ್ರಂಥವನ್ನು ಬರೆಯಬಹುದಿತ್ತು. ವಸ್ತು ಕಣ್ಣೆದುರೇ ಇತ್ತು.

ಕಾಮ್‌ನ ಕಾಲ ಮುಗಿಯಿತೆಂಬ ಆಕ್ಷೇಪ ಬರಬಹುದು. 2002ರ ಡಾಟ್‌ನೆಟ್ ಅದನ್ನು ಹಿಂದಕ್ಕೆ ಸರಿಸಿದ್ದು ನಿಜ. ಆದರೆ 2012ರ ವಿಂಡೋಸ್ 8ರೊಂದಿಗೆ ಬಂದ ವಿಂಡೋಸ್ ರನ್‌ಟೈಮ್‌ನ ತಳದಲ್ಲಿ ಅದೇ ‘ಐಅನ್‌ನೋನ್’ ಇದೆ. ಬಳಕೆದಾರರ ಎಣಿಕೆ ಸ್ವಿಫ್ಟ್ ಮತ್ತು ರಸ್ಟ್ ಭಾಷೆಗಳಲ್ಲಿ ಬೇರೆ ಉಡುಪಿನಲ್ಲಿ ಮರಳಿದೆ. ಹಳೆಯದಾಗಿರುವುದು ಗ್ರಂಥದ ಕೆಲವು ಅಧ್ಯಾಯಗಳು ಮಾತ್ರ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿತು; ಇಂಗ್ಲಿಷಿನಲ್ಲಿ ಬರೆಯಿಸಿದ ಪಠ್ಯಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಅನುವಾದಿಸುವ ಕಾರ್ಯವೂ ನಡೆಯಿತು. ಪ್ರಯತ್ನ ಸ್ವಾಗತಾರ್ಹ. ಆದರೆ ಅನುವಾದವು ಮೂಲದ ಕ್ರಮವನ್ನೂ ಉದಾಹರಣೆಗಳನ್ನೂ ಹಾಗೆಯೇ ಹೊತ್ತು ತರುತ್ತದೆ. ‘ಐಎಕ್ಸ್’ ಕನ್ನಡ ಲಿಪಿಯಲ್ಲಿ ಬರೆದರೂ ‘ಐಎಕ್ಸ್’ ಆಗಿಯೇ ಉಳಿಯುತ್ತದೆ. ರಾಜಾದಿತ್ಯನು ಸೂತ್ರ ಹೇಳಿದ ಮೇಲೆ ನಿತ್ಯವ್ಯವಹಾರದಿಂದ ಲೆಕ್ಕ ಎತ್ತಿಕೊಂಡನು. ರೋಜರ್ಸನ್‌ನ ಕ್ರಮವನ್ನೂ ರಾಜಾದಿತ್ಯನ ಉದಾಹರಣೆಗಳ ಬಗೆಯನ್ನೂ ಕೂಡಿಸಿ ಬರೆಯಬಲ್ಲವನಿಗೆ ಸಿ++ ಬರಬೇಕು, ಕನ್ನಡ ಗದ್ಯ ಬರಬೇಕು, ಬೆಣ್ಣಿಹಳ್ಳದ ದಂಡೆಯ ಓದುಗನಿಗೆ ಏನು ಮೊದಲೇ ಗೊತ್ತಿದೆಯೆಂಬುದೂ ಗೊತ್ತಿರಬೇಕು. ಮೊದಲೆರಡು ಬಲ್ಲವರು ಬೆಂಗಳೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಸಾಕಷ್ಟಿದ್ದಾರೆ.