ಗುರಿಗೆ ಒಂದು, ಕಪಾಟಿಗೆ ಒಂದು

ಅಮೆರಿಕದಲ್ಲಿ ದೊಡ್ಡ ಬೋರಿನ ರಿವಾಲ್ವರ್ ಕೊಳ್ಳಲು ಹೊರಟ ಅನೇಕರು ಅಂಗಡಿಗೆ ಕಾಲಿಡುವ ಮೊದಲೇ ಯಾವುದು ಬೇಕೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ಆ ತೀರ್ಮಾನದ ಹಿಂದೆ ಇರುವುದು 1971ರ ‘ಡರ್ಟಿ ಹ್ಯಾರಿ’ ಸಿನಿಮಾ. ಅದರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಿಡಿದಿದ್ದ ಸ್ಮಿತ್ ಅಂಡ್ ವೆಸನ್ ಮಾಡೆಲ್ 29 ಅಲ್ಲಿಯವರೆಗೆ ಬೇಟೆಗಾರರಿಗೆ ಮತ್ತು ಕೋವಿಯ ಹುಚ್ಚಿದ್ದ ಕೆಲವರಿಗೆ ಮಾತ್ರ ಗೊತ್ತಿದ್ದ ವಸ್ತು. ಸಿನಿಮಾ ಬಂದ ಮೇಲೆ ಅದು ಅಂಗಡಿಗಳಲ್ಲಿ ಸಿಗದಂತಾಯಿತು; ಕಂಪನಿಯ ದರಕ್ಕಿಂತ ಹೆಚ್ಚು ಕೊಟ್ಟು ಕೊಂಡವರಿದ್ದಾರೆ. ಐವತ್ತು ವರ್ಷ ದಾಟಿದರೂ ಆ ಮೋಹ ಇಳಿದಿಲ್ಲ.

ಮೋಹದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಒಂದೇ ಕೋವಿಯಿಂದ ಎರಡು ಕೆಲಸ ಬಯಸುವುದರ ಬಗ್ಗೆ. ಭಾನುವಾರ ರೇಂಜಿನಲ್ಲಿ ಗುರಿ ಅಭ್ಯಾಸಕ್ಕೂ ಅದೇ ಬೇಕು, ಉಳಿದ ದಿನ ಸಂಗ್ರಹದ ಹೆಮ್ಮೆಗೂ ಅದೇ ಆಗಬೇಕು ಎನ್ನುತ್ತಾರೆ. ಸಂಗ್ರಹಕಾರ ಬೆಲೆ ಕಟ್ಟುವುದು ಹಾರಿಸದೆ ಉಳಿದಿರುವುದಕ್ಕೆ. ಗುರಿಕಾರನಿಗೆ ಬೇಕಾದ ಗುಣವಾದರೋ ಸಾವಿರಾರು ತೋಟಾ ಸುಟ್ಟ ಮೇಲಷ್ಟೇ ಗೊತ್ತಾಗುತ್ತದೆ. ಇದನ್ನು ಒಪ್ಪಿಕೊಳ್ಳದೆ ಕೊಂಡವರು ಎರಡು ಕಡೆಯೂ ಕಳೆದುಕೊಳ್ಳುತ್ತಾರೆ.

ಮಾಡೆಲ್ 29ರ ಬೋರಾದ .44ರ ವಂಶಾವಳಿ ತಿಳಿದರೆ ಈ ಗೊಂದಲ ಅರ್ಧ ಬಗೆಹರಿಯುತ್ತದೆ. 1870ರ ದಶಕದಲ್ಲಿ ರಷ್ಯಾದ ಸರ್ಕಾರ ಸ್ಮಿತ್ ಅಂಡ್ ವೆಸನ್‌ಗೆ ದೊಡ್ಡ ಆರ್ಡರ್ ಕೊಟ್ಟಿತು. ಗುಂಡಿಗೆ ಹಚ್ಚಿದ ಗ್ರೀಸ್ ಹೊರಗಿದ್ದು ಧೂಳು ಮೆತ್ತಿಕೊಳ್ಳುವ ಹಳೆಯ ಪದ್ಧತಿ ಬೇಡ, ಅದು ತೋಟಾದ ಒಳಗೇ ಇರಲಿ ಎಂಬುದು ಅವರ ಬೇಡಿಕೆ. ಹಾಗೆ ಹುಟ್ಟಿದ .44 ರಷ್ಯನ್ ತೋಟಾ ಎಷ್ಟು ನಿಖರವಾಗಿತ್ತೆಂದರೆ, ಹತ್ತೊಂಬತ್ತನೇ ಶತಮಾನದ ಕೊನೆಯ ಗುರಿಕಾರರು ಅದನ್ನೇ ಹಿಡಿದು ಸ್ಪರ್ಧೆಗಿಳಿದರು. 1907ರ ಹೊತ್ತಿಗೆ ಅದರ ಕೇಸನ್ನು ಕೊಂಚ ಉದ್ದ ಮಾಡಿ .44 ಸ್ಪೆಷಲ್ ತಂದರು. ಅದೂ ಮೃದು ಸ್ವಭಾವದ್ದೇ: ಸುಮಾರು 16 ಗ್ರಾಂ ಗುಂಡು, ಸೆಕೆಂಡಿಗೆ 230 ಮೀಟರ್ ಆಸುಪಾಸಿನ ವೇಗ. ಇಲ್ಲಿಯವರೆಗೆ .44 ಗುರಿಕಾರರ ಮನೆತನದ್ದು.

ಈ ದಾರಿ ತಿರುಗಿಸಿದವನು ಐಡಹೋದ ಎಲ್ಮರ್ ಕೀತ್. ರಾಂಚ್ ಕೆಲಸಗಾರ, ಬೇಟೆಗಾರ, ಆಮೇಲೆ ಅಮೆರಿಕದ ಕೋವಿ ಪತ್ರಿಕೆಗಳಲ್ಲಿ ದೊಡ್ಡ ಹೆಸರು. ಹೆಚ್ಚು ಮದ್ದು ತುಂಬಿದ ಕೋಲ್ಟ್ .45 ಅವನ ಕೈಯಲ್ಲೇ ಸಿಡಿದ ಮೇಲೆ .44 ಸ್ಪೆಷಲ್ ಕಡೆ ವಾಲಿದ. ರಂಧ್ರ ಚಿಕ್ಕದಾದಷ್ಟೂ ಸಿಲಿಂಡರಿನ ಗೋಡೆ ದಪ್ಪ ಉಳಿಯುತ್ತದೆ ಎಂಬುದು ಅವನ ಲೆಕ್ಕ. ದಶಕಗಳ ಕಾಲ ತಾನೇ ಬಲವಾದ ತೋಟಾ ತುಂಬಿ ಪ್ರಯೋಗ ಮಾಡಿದ, ತಯಾರಕರ ಬೆನ್ನು ಬಿಡಲಿಲ್ಲ. ಕೊನೆಗೆ ರೆಮಿಂಗ್ಟನ್ ತೋಟಾವನ್ನೂ ಸ್ಮಿತ್ ಅಂಡ್ ವೆಸನ್ ರಿವಾಲ್ವರನ್ನೂ ಸಿದ್ಧಪಡಿಸಿ, 1955ರ ಕೊನೆ–1956ರ ಆರಂಭದಲ್ಲಿ .44 ಮ್ಯಾಗ್ನಮ್ ಹೊರಬಂತು. ಹಳೆಯ ಸ್ಪೆಷಲ್ ರಿವಾಲ್ವರುಗಳಲ್ಲಿ ಕೂರದಿರಲೆಂದು ಕೇಸನ್ನು ಮತ್ತೆ ಉದ್ದ ಮಾಡಿದರು. ಗುಂಡಿನ ತೂಕ ಹೆಚ್ಚುಕಡಿಮೆ ಅಷ್ಟೇ, ವೇಗ ಮಾತ್ರ ಸೆಕೆಂಡಿಗೆ 400 ಮೀಟರ್ ದಾಟಿತು. ಕೀತ್‌ಗೆ ಬೇಕಾಗಿದ್ದುದು ಎಲ್ಕ್ ಜಿಂಕೆಯನ್ನು ಉರುಳಿಸುವ ಬಲ. ಕಾಗದದ ಮೇಲಿನ ಕಪ್ಪು ವೃತ್ತ ಅವನ ಮನಸ್ಸಿನಲ್ಲಿ ಇರಲೇ ಇಲ್ಲ.

ಆ ಬಲಕ್ಕೆ ಸ್ಮಿತ್ ಅಂಡ್ ವೆಸನ್ನಿನ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಕೊಟ್ಟ ರೂಪ ಮಾತ್ರ ಅಪರೂಪದ್ದು. 1957ರಲ್ಲಿ ಮಾಡೆಲ್ 29 ಎಂಬ ಸಂಖ್ಯೆ ಪಡೆದ ಈ ರಿವಾಲ್ವರಿನ ಆರಂಭದ ವರ್ಷಗಳ ಒಂದು ಪ್ರತಿಯನ್ನು ಕೈಗೆತ್ತಿಕೊಳ್ಳಿ. 6½ ಇಂಚಿನ ನಳಿಗೆಯದಾದರೆ ತೂಕ ಸುಮಾರು 1.3 ಕಿಲೋ. ಮೊದಲು ಕಣ್ಣಿಗೆ ಬೀಳುವುದು ನೀಲಿ. ಉಕ್ಕನ್ನು ಕನ್ನಡಿಯಾಗುವಷ್ಟು ಉಜ್ಜಿ, ಆಮೇಲೆ ಬಣ್ಣಕ್ಕೆ ಇಳಿಸಿದ್ದರಿಂದ ಬಂದ ಆಳ ಅದು. ಸಿಲಿಂಡರ್ ಹೊರಕ್ಕೆ ತೆರೆದರೆ ಅದನ್ನು ಹಿಡಿದಿರುವ ತೋಳಿನ ಸಂದಿಯಲ್ಲಿ ಮಾಡೆಲ್ ಸಂಖ್ಯೆ ಕೊರೆದಿರುತ್ತದೆ. ಸಿಲಿಂಡರಿನ ಹಿಂಬದಿಯನ್ನು ಬೆಳಕಿಗೆ ಹಿಡಿದರೆ ಪ್ರತಿ ರಂಧ್ರದ ಬಾಯಿಯಲ್ಲೂ ಒಂದು ಮೆಟ್ಟಿಲು ಕಡಿದಿರುವುದು ಕಾಣುತ್ತದೆ. ತೋಟಾದ ಹಿಂಬದಿಯ ಅಂಚು ಅದರೊಳಗೆ ಪೂರ್ತಿ ಹುದುಗುತ್ತದೆ. ನಳಿಗೆ ಚೌಕಟ್ಟಿಗೆ ಸೇರುವಲ್ಲಿ ಅಡ್ಡಲಾಗಿ ಹೊಡೆದ ಸಣ್ಣ ಪಿನ್ನು ಇದೆ. ಆಧುನಿಕ ತೋಟಾಗಳ ಗಟ್ಟಿತನಕ್ಕೆ ಈ ಮೆಟ್ಟಿಲಾಗಲಿ ಪಿನ್ನಾಗಲಿ ಅನಿವಾರ್ಯವಲ್ಲ, ಅದಕ್ಕೇ ಖರ್ಚು ಉಳಿಸಲು ಕಂಪನಿ 1982ರಲ್ಲಿ ಎರಡನ್ನೂ ಕೈಬಿಟ್ಟಿತು. ಸಂಗ್ರಹಕಾರರು ಇವೆರಡಕ್ಕೂ ಇಂದು ಹೆಚ್ಚು ಹಣ ಕೊಡುತ್ತಾರೆ. ಅವರು ಸರಿ ಎಂದೇ ನಾನು ಹೇಳುತ್ತೇನೆ. ಅಗತ್ಯಕ್ಕಿಂತ ಒಂದು ಹೆಜ್ಜೆ ಹೆಚ್ಚು ಕೆಲಸ ಮಾಡಿದ ಕೈಗಳ ಗುರುತು ಅದು. ಹ್ಯಾಮರ್ ಹಿಂದಕ್ಕೆಳೆದು ಟ್ರಿಗರಿಗೆ ಬೆರಳಿಟ್ಟರೆ, ಎಳೆಯಲು ಹೊರಟದ್ದು ಗೊತ್ತಾಗುವ ಮೊದಲೇ ಅದು ಬಿಟ್ಟುಕೊಡುತ್ತದೆ. ದೊಡ್ಡ ಬೋರಿನಲ್ಲಿ ಇಷ್ಟು ಸ್ವಚ್ಛವಾದ ಟ್ರಿಗರ್ ಆ ಕಾಲದ ಬೇರೆ ಕಾರ್ಖಾನೆಯ ಮಾಲಿನಲ್ಲಿ ನನಗೆ ಸಿಕ್ಕಿಲ್ಲ.

ಇಷ್ಟು ಚೆಂದದ ಕೆಲಸ ಎಡವಿದ್ದು ಅದನ್ನು ಅತಿ ಹೆಚ್ಚು ಬಳಸಿದ ಜಾಗದಲ್ಲಿ. 1970ರ ದಶಕದಲ್ಲಿ ಅಮೆರಿಕದಲ್ಲಿ ಲೋಹದ ಆಕೃತಿಗಳನ್ನು ಉರುಳಿಸುವ ಸಿಲೂಯೆಟ್ ಸ್ಪರ್ಧೆ ಕೈಕೋವಿಗಳಿಗೂ ಬಂತು. 50 ಮೀಟರಿನಲ್ಲಿ ಕೋಳಿ, 100ರಲ್ಲಿ ಹಂದಿ, 150ರಲ್ಲಿ ಟರ್ಕಿ, 200ರಲ್ಲಿ ಟಗರು. ಭಾರದ ಉಕ್ಕಿನ ಟಗರಿಗೆ ಗುಂಡು ತಾಗಿದರಷ್ಟೇ ಸಾಲದು, ಅದು ಬೀಳಬೇಕು. ಅದಕ್ಕೆ ಪೂರ್ಣ ಬಲದ ಮ್ಯಾಗ್ನಮ್ ಬೇಕು, ಅದೂ ಒಂದೊಂದು ಋತುವಿಗೆ ಸಾವಿರಗಟ್ಟಲೆ. ಮಾಡೆಲ್ 29 ಈ ದುಡಿತಕ್ಕೆ ಬಾಗಿತು. ಒದೆತದ ರಭಸಕ್ಕೆ ಸಿಲಿಂಡರಿನ ಬೀಗ ಕ್ಷಣಕಾಲ ಸಡಿಲಿ, ಸಿಲಿಂಡರ್ ಹಿಂದಕ್ಕೆ ತಿರುಗಿ, ಆಗಷ್ಟೇ ಸುಟ್ಟ ತೋಟಾ ಮತ್ತೆ ಹ್ಯಾಮರಿನ ಎದುರು ಬಂದು ನಿಲ್ಲುತ್ತಿತ್ತು. ಸಿಲಿಂಡರ್ ಹಿಂದೆ ಮುಂದೆ ಅಲ್ಲಾಡುವುದೂ ಬೇಗ ಶುರುವಾಗುತ್ತಿತ್ತು. ಕಂಪನಿ 1980ರ ದಶಕದ ಕೊನೆಯಿಂದ ಒಳಗಿನ ಭಾಗಗಳನ್ನು ಬಲಪಡಿಸುತ್ತಾ ಬಂತು. ಹಾಗಾಗಿ ನೋಟಕ್ಕೆ ಸಪ್ಪೆಯಾದ ನಂತರದ 29ಗಳು, ಅದರಲ್ಲೂ ಸ್ಟೇನ್‌ಲೆಸ್ ಉಕ್ಕಿನ 629ಗಳು, ಕೆಲಸಕ್ಕೆ ಹಳೆಯವಕ್ಕಿಂತ ಗಟ್ಟಿ. ಹಳೆಯದೆಲ್ಲವೂ ಮೇಲು ಎನ್ನುವವರು ಈ ಇತಿಹಾಸವನ್ನು ಮರೆತು ಮಾತಾಡುತ್ತಾರೆ.

ಹಾಗಾದರೆ ಗುರಿಗೆ ಬೇಕಾದುದೇನು? ಹೊಳಪಿನಲ್ಲಿ ಅದರ ಸುಳಿವು ಸಿಗುವುದಿಲ್ಲ. ರಿವಾಲ್ವರಿನಲ್ಲಿ ಗುಂಡು ನಳಿಗೆ ಸೇರುವ ಮೊದಲು ಸಿಲಿಂಡರಿನ ಮುಂಬದಿಯ ಕಿರಿದಾದ ಗಂಟಲನ್ನು ದಾಟಬೇಕು. ಆ ಗಂಟಲು ಗುಂಡಿಗಿಂತ ಅಗಲವಾದರೆ ಗುಂಡು ವಾಲಿಕೊಂಡು ನಳಿಗೆಗೆ ಹೋಗುತ್ತದೆ. ಕಿರಿದಾದರೆ ಸೀಸದ ಗುಂಡು ಅಲ್ಲೇ ಸೊರಗಿ, ನಳಿಗೆಯ ಗೆರೆಗಳನ್ನು ಸರಿಯಾಗಿ ಕಚ್ಚದೆ, ಸೀಸವನ್ನು ದಾರಿಯುದ್ದಕ್ಕೂ ಬಳಿದು ಹೋಗುತ್ತದೆ. ಸ್ಮಿತ್ ಅಂಡ್ ವೆಸನ್ನಿನ ಮಾಡೆಲ್ 25-5, .45 ಕೋಲ್ಟ್ ತೋಟಾದ್ದು, ನೋಡಲು ಒಡವೆಯಂಥದ್ದು. ಅದರ ಎಷ್ಟೋ ಪ್ರತಿಗಳಲ್ಲಿ ಗಂಟಲು 0.456 ಇಂಚಿನ ಆಸುಪಾಸು, ಗುಂಡು 0.452. ರೂಗರ್ ಬ್ಲ್ಯಾಕ್‌ಹಾಕ್‌ನ .45ರಲ್ಲಿ ಇದಕ್ಕೆ ವಿರುದ್ಧವಾದ ಕಾಯಿಲೆ, ಗಂಟಲು 0.450ರ ಹತ್ತಿರ. ಇವೆರಡರಲ್ಲಿ ರೂಗರ್ ಕೊಂಡವನೇ ಜಾಣ. ಕಿರಿದಾದ ಗಂಟಲನ್ನು ಒಳ್ಳೆಯ ಗನ್‌ಸ್ಮಿತ್ ಒಬ್ಬ ರೀಮರ್ ಹಾಕಿ ಹಿಗ್ಗಿಸಬಲ್ಲ. ಅಗಲವಾದುದನ್ನು ಕಿರಿದು ಮಾಡಲು ಯಾರಿಂದಲೂ ಆಗದು, ಹೊಸ ಸಿಲಿಂಡರೇ ಬೇಕು.

ಇದನ್ನು ಅಂಗಡಿಯ ಮೇಜಿನ ಮೇಲೇ ಪರೀಕ್ಷಿಸಬಹುದು. ಮಾಲೀಕನನ್ನು ಕೇಳಿ, ಕೋವಿ ಖಾಲಿಯಿದೆಯೆಂದು ಇಬ್ಬರೂ ನೋಡಿಕೊಂಡ ಮೇಲೆ, ಮದ್ದಿಲ್ಲದ ಬಿಡಿ ಸೀಸದ ಗುಂಡೊಂದನ್ನು ಸಿಲಿಂಡರಿನ ಮುಂದಿನಿಂದ ಒಳಗೆ ಇಡಿ. ತಾನಾಗಿ ಜಾರಿ ಬಿದ್ದರೆ ಗಂಟಲು ಸಡಿಲ. ಪೆನ್ಸಿಲಿನ ಹಿಂಬದಿಯಿಂದ ಹಗುರವಾಗಿ ಒತ್ತಿದಾಗ ಇಳಿದರೆ ಸರಿ. ಆರೂ ರಂಧ್ರಗಳಲ್ಲಿ ಒಂದೇ ಒತ್ತಡಕ್ಕೆ ಇಳಿದರೆ ಆ ಕೋವಿಯನ್ನು ಬಿಡಬೇಡಿ. ಆಮೇಲೆ ಹೆಬ್ಬೆರಳಿನಿಂದ ಸಿಲಿಂಡರನ್ನು ಮೆಲ್ಲಗೆ ತಡೆಯುತ್ತಾ ಹ್ಯಾಮರನ್ನು ನಿಧಾನ ಎಳೆಯಿರಿ; ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ಬೀಗಕ್ಕೆ ಬೀಳಬೇಕು, ಪ್ರತಿ ರಂಧ್ರಕ್ಕೂ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು 0.1ರಿಂದ 0.2 ಮಿಲಿಮೀಟರಿನೊಳಗಿದ್ದರೆ ಸಾಕು. ಬೆಲೆಯ ಚೀಟಿ ನೋಡುವುದು ಇದೆಲ್ಲ ಮುಗಿದ ಮೇಲೆ.

ಸಂಗ್ರಹಕ್ಕೆ ಕೊಳ್ಳುವವನ ಕಣ್ಣು ಬೇರೆ ಕಡೆ ಹರಿಯಬೇಕು. ಮರುಬಣ್ಣ ಹೊಡೆಸಿದ ಕೋವಿ ದೂರದಿಂದ ಹೊಸತರಂತೆ ಕಾಣುತ್ತದೆ. ಹತ್ತಿರ ಹೋದರೆ ಅಕ್ಷರಗಳ ಅಂಚು ಕರಗಿರುತ್ತದೆ, ಸ್ಕ್ರೂಗಳ ಸುತ್ತ ತಗ್ಗು ಬಿದ್ದಿರುತ್ತದೆ, ಚೂಪಾಗಿರಬೇಕಾದ ಮೂಲೆಗಳು ದುಂಡಾಗಿರುತ್ತವೆ. ಅಂಥದ್ದಕ್ಕಿಂತ, ನಳಿಗೆಯ ತುದಿಯಲ್ಲಿ ಚರ್ಮದ ಚೀಲ ಉಜ್ಜಿ ನೀಲಿ ಸವೆದಿದ್ದರೂ ಮೂಲ ಬಣ್ಣ ಉಳಿಸಿಕೊಂಡದ್ದು ಎಷ್ಟೋ ಮೇಲು. ಕೊಂಡ ಮೇಲೆ ಅದನ್ನು ಚರ್ಮದ ಚೀಲದಲ್ಲೇ ಇಟ್ಟು ಮರೆಯಬಾರದು; ಚರ್ಮ ಹದ ಮಾಡಿದ ಲವಣ ಮತ್ತು ಅದು ಹೀರಿಕೊಂಡ ತೇವ ಉಕ್ಕನ್ನು ತಿನ್ನುತ್ತವೆ.

ಎರಡು ಆಸೆಗಳ ಜಗಳ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಹಳೆಯ ರೂಗರ್‌ಗಳಲ್ಲಿ. ರೂಗರ್ ತನ್ನ .44 ಬ್ಲ್ಯಾಕ್‌ಹಾಕನ್ನು 1956ರಲ್ಲೇ ತಂದಿತು, 1959ರಲ್ಲಿ ಸೂಪರ್ ಬ್ಲ್ಯಾಕ್‌ಹಾಕ್. ಹ್ಯಾಮರನ್ನು ಪ್ರತಿ ಸಲ ಕೈಯಿಂದಲೇ ಎಳೆಯಬೇಕಾದ ಸಿಂಗಲ್ ಆ್ಯಕ್ಷನ್, ಚೆಲುವಿನಲ್ಲಿ ಸ್ಮಿತ್ ಅಂಡ್ ವೆಸನ್ನಿಗೆ ಸಮನಲ್ಲ, ಗಟ್ಟಿತನದಲ್ಲಿ ಅದನ್ನು ಮೀರಿದ್ದು. 1973ಕ್ಕಿಂತ ಮೊದಲಿನವುಗಳಲ್ಲಿ ಹ್ಯಾಮರ್ ಇಳಿದಾಗ ಅದರ ಅಡಿ ತೋಟಾ ಇದ್ದರೆ, ಕೋವಿ ನೆಲಕ್ಕೆ ಬಿದ್ದ ಪೆಟ್ಟಿಗೇ ಹಾರಬಹುದು. ಆದ್ದರಿಂದ ಐದೇ ತುಂಬಿ, ಖಾಲಿ ರಂಧ್ರದ ಮೇಲೆ ಹ್ಯಾಮರ್ ಇಳಿಸುವುದು ರೂಢಿ. ಆ ಅಪಾಯ ತಪ್ಪಿಸುವ ಹೊಸ ಭಾಗಗಳನ್ನು ರೂಗರ್ ಹಳೆಯ ಕೋವಿಗಳಿಗೆ ಉಚಿತವಾಗಿ ಹಾಕಿಕೊಡುತ್ತದೆ, ತೆಗೆದ ಮೂಲ ಭಾಗಗಳನ್ನೂ ಹಿಂದಕ್ಕೆ ಕಳಿಸುತ್ತದೆ. ಆದರೂ ಸಂಗ್ರಹದ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು ಬದಲಾಯಿಸದವಕ್ಕೇ. ನನ್ನ ನಿಲುವಿನಲ್ಲಿ ಇಲ್ಲಿ ಚೌಕಾಶಿಗೆ ಜಾಗವಿಲ್ಲ: ಹಾರಿಸುವುದಾದರೆ ಬದಲಾಯಿಸಿಕೊಳ್ಳಬೇಕು, ಮೂಲ ಭಾಗಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಕು.

ವೆಬ್ಲಿ ಮಾರ್ಕ್ 6ರ ಕಥೆ ಇನ್ನೂ ಬೇಸರದ್ದು. 1915ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ .455 ಬೋರಿನ ಈ ರಿವಾಲ್ವರ್ ಭಾರತೀಯ ಸೇನೆಯ ಅಧಿಕಾರಿಗಳ ಸೊಂಟದಲ್ಲೂ ಇತ್ತು. ಮಧ್ಯಕ್ಕೆ ಮಡಚಿ ತೆರೆದರೆ ಆರೂ ಖಾಲಿ ಕೇಸುಗಳು ಒಟ್ಟಿಗೆ ಮೇಲೆದ್ದು ಬೀಳುತ್ತವೆ. ಎರಡನೇ ಮಹಾಯುದ್ಧದ ನಂತರ ಇವು ಅಮೆರಿಕಕ್ಕೆ ರಾಶಿರಾಶಿಯಾಗಿ ಬಂದಾಗ, .455 ತೋಟಾ ಅಲ್ಲಿ ಸುಲಭವಾಗಿ ಸಿಗದ ಕಾರಣ ವ್ಯಾಪಾರಿಗಳು ಸಿಲಿಂಡರಿನ ಹಿಂಬದಿ ಹೆರೆದು .45 ಎಸಿಪಿ ತೋಟಾ ಕೂರುವಂತೆ ಮಾಡಿ ಮಾರಿದರು. ಆ ತೋಟಾದ ಒತ್ತಡ ವೆಬ್ಲಿಗೆ ಗೊತ್ತುಮಾಡಿದ ಮಟ್ಟಕ್ಕಿಂತ ಬಹಳ ಹೆಚ್ಚು. ಹೆರೆದ ವೆಬ್ಲಿ ಅಗ್ಗವಾಗಿ ಸಿಗುತ್ತದೆ. ಕಾರ್ಖಾನೆಯ .45 ಎಸಿಪಿ ತೋಟಾ ಅದರಲ್ಲಿ ಹಾರಿಸುವುದು ಅಪಾಯ. ಸಂಗ್ರಹದ ಬೆಲೆಯೂ ಹೆರೆದಾಗಲೇ ಹೋಗಿದೆ.

ಕನ್ನಡದ ಓದುಗರಿಗೆ ಕಾನೂನಿನ ಮಾತು ಒಂದೆರಡು. ಭಾರತದಲ್ಲಿ .38, .455ರಂಥವು ನಿಷೇಧಿತ ಬೋರ್. ಪರವಾನಗಿ ಪಡೆದ ಸಾಮಾನ್ಯ ನಾಗರಿಕರ ರಿವಾಲ್ವರ್ ಎಂದರೆ ಹೆಚ್ಚಾಗಿ .32. ಅಂತರರಾಷ್ಟ್ರೀಯ ನಿಯಮದ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯೂ 9.65 ಮಿಲಿಮೀಟರಿಗೆ ನಿಲ್ಲುವುದರಿಂದ .44ಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಅಮೆರಿಕದಲ್ಲಿರುವ ನಮ್ಮವರಲ್ಲಿ ಗ್ರೀನ್ ಕಾರ್ಡ್ ಇದ್ದವರಿಗೆ ಒಕ್ಕೂಟದ ಕಾನೂನಿನ ಅಡ್ಡಿಯಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಕೋವಿಯನ್ನಾಗಲಿ ತೋಟಾವನ್ನಾಗಲಿ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಅಪರಾಧ ಪ್ರಕರಣ, ವೀಸಾಕ್ಕೂ ಕುತ್ತು. ಗೆಳೆಯರೊಂದಿಗೆ ರೇಂಜಿಗೆ ಹೊರಡುವ ಹುಡುಗರು ಇದನ್ನು ಮೊದಲು ವಕೀಲರ ಹತ್ತಿರ ಕೇಳಿಕೊಳ್ಳಲಿ.

2003ರಲ್ಲಿ ಬಂದ .500 ಮ್ಯಾಗ್ನಮ್, ಅದಕ್ಕೂ ಮೊದಲಿನ .454 ಕ್ಯಾಸಲ್ ಇವುಗಳನ್ನು ಗುರಿಗೆಂದು ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ವಯೋಮಿಂಗಿನ ಫ್ರೀಡಂ ಆರ್ಮ್ಸ್ ಕಟ್ಟಿದ ಮಾಡೆಲ್ 83 ಮಾತ್ರ ಇದಕ್ಕೆ ಹೊರತು; ನಿಖರತೆಯಲ್ಲಿ ಅದರ ಸಾಟಿ ವಿರಳ, ಬೆಲೆಯೂ ಹಾಗೆಯೇ. ಉಳಿದಂತೆ ಅತಿಯಾದ ಒದೆತ ಕಲಿಸುವುದು ಒಂದೇ: ಟ್ರಿಗರ್ ಬಿಡುವ ಮೊದಲೇ ಕಣ್ಣು ಮುಚ್ಚಿ ಕೈ ಬೆದರುವುದು. ಒಮ್ಮೆ ಹಿಡಿದ ಆ ಚಟ ಬಿಡಿಸಲು ತಿಂಗಳುಗಳೇ ಬೇಕು.

ಎರಡು ಕೊಳ್ಳುವ ಶಕ್ತಿ ಇದ್ದವರು ಗುರಿಗೆ 1990ರ ನಂತರದ 629 ಕೊಳ್ಳಲಿ, ಕಪಾಟಿಗೆ ಪಿನ್ನೂ ಮೆಟ್ಟಿಲೂ ಇರುವ ಹಳೆಯ ಮಾಡೆಲ್ 29-2. ಒಂದೇ ಕೊಳ್ಳುವುದಾದರೆ ಮೂಲ ಬಣ್ಣ ಉಳಿಸಿಕೊಂಡು ಹದವಾಗಿ ಸವೆದ 29-2 ಒಂದನ್ನು ಹುಡುಕಿ, .44 ಸ್ಪೆಷಲ್ ಬಲದಲ್ಲೇ ಹಾರಿಸಲಿ. ಇನ್ನೂ ಸವೆಯಲು ಹೆದರಬೇಕಾದ ಹೊಳಪು ಅದಕ್ಕಿಲ್ಲ, ಮುರಿಯುವಷ್ಟು ಹೊರೆಯೂ ಅದರ ಮೇಲೆ ಬೀಳುವುದಿಲ್ಲ. ಅಂಗಡಿಯ ಸ್ಪೆಷಲ್ ತೋಟಾ ಎಷ್ಟೋ ಸಲ ಮ್ಯಾಗ್ನಮ್ಮಿಗಿಂತ ದುಬಾರಿ. ಗಿಡ್ಡ ಕೇಸಾದ್ದರಿಂದ ರಂಧ್ರದೊಳಗೆ ಮಸಿಯ ಬಳೆಯೊಂದು ಕಟ್ಟುತ್ತದೆ. ತೊಳೆಯದೆ ಬಿಟ್ಟರೆ ಆಮೇಲೆ ಉದ್ದದ ಮ್ಯಾಗ್ನಮ್ ಕೂರಲು ತಡೆಯುತ್ತದೆ. ತಾವೇ ತೋಟಾ ತುಂಬುವವರು ಮ್ಯಾಗ್ನಮ್ ಕೇಸಿನಲ್ಲೇ ಕಡಿಮೆ ಬಲದ ತೋಟಾ ಕಟ್ಟುವುದು ಈ ಕಾರಣಕ್ಕೆ. ಆ ದೊಡ್ಡ ಕೇಸಿನಲ್ಲಿ ಕೊಂಚ ಮದ್ದು ತಳದಲ್ಲೇ ಉಳಿಯುವುದರಿಂದ ಮರೆತು ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ. ಗುಂಡು ಕೂರಿಸುವ ಮೊದಲು ಪ್ರತಿ ಕೇಸಿನೊಳಗೂ ದೀಪ ಹಿಡಿದು ನೋಡಬೇಕು.