ಫ್ರೀಜರ್‌ನಲ್ಲಿ ಅವರೆ: ಉಳಿಯುವುದೇನು, ಹೋಗುವುದೇನು?

ಡಿಸೆಂಬರ್ ಬಂತೆಂದರೆ ಮಾಗಡಿ ಕಡೆಯ ಅವರೆಕಾಯಿ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ತಳ್ಳುಗಾಡಿಗಳನ್ನು ತುಂಬುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಇಬ್ಬನಿಗೆ ಮೈಯೊಡ್ಡಿ ಬೆಳೆದ ಕಾಯಿ ಅದು. ಸಂಕ್ರಾಂತಿ ಕಳೆದ ಮೇಲೆ ಸುಗ್ಗಿ ಇಳಿಮುಖ. ಅಷ್ಟರೊಳಗೆ ಕಾಳು ಬಿಡಿಸಿ, ಜಿಪ್ ಕವರಿಗೆ ತುಂಬಿ ಫ್ರೀಜರ್‌ಗೆ ತಳ್ಳುವುದು ಈ ಬಡಾವಣೆಗಳ ಅನೇಕ ಮನೆಗಳಲ್ಲಿ ರೂಢಿ. ಈ ರೂಢಿ ಎಷ್ಟು ಸರಿ?

ಹೆಚ್ಚಿನವರು ಹಸಿ ಕಾಳನ್ನು ಹಾಗೆಯೇ ತುಂಬುತ್ತಾರೆ. ಮೊದಲ ತಪ್ಪು ಅಲ್ಲೇ. ಶೀತಕ್ಕೆ ಕಾಳಿನೊಳಗಿನ ಕಿಣ್ವಗಳು ಸಾಯುವುದಿಲ್ಲ, ನಿಧಾನವಾಗುತ್ತವೆ ಅಷ್ಟೆ. ತಿಂಗಳುಗಳು ಕಳೆದಂತೆ ಬಣ್ಣ ಮಂಕಾಗಿ, ಒಣಹುಲ್ಲಿನಂಥ ವಾಸನೆ ಬರುತ್ತದೆ. ಕುದಿಯುವ ನೀರಿಗೆ 2–3 ನಿಮಿಷ ಹಾಕಿ ತೆಗೆದು, ತಕ್ಷಣ ಐಸ್ ನೀರಿಗೆ ಹಾಕಿದರೆ ಆ ಕಿಣ್ವಗಳ ಕೆಲಸ ನಿಲ್ಲುತ್ತದೆ. ನೆನೆಸಿ ಸಿಪ್ಪೆ ತೆಗೆದ ಹಿತಕಿದ ಬೇಳೆಗೆ ಇನ್ನೂ ಕಡಿಮೆ ಹೊತ್ತು ಸಾಕು.

ಎರಡನೆಯದು ತೇವ. ಒದ್ದೆ ಕಾಳು ಕವರಿನಲ್ಲಿ ಒಂದೇ ಗಡ್ಡೆಯಾಗುತ್ತದೆ. ಒಂದು ಹಿಡಿ ಬೇಕಾದಾಗ ಕವರನ್ನು ಅಡುಗೆಕಟ್ಟೆಗೆ ಕುಟ್ಟಬೇಕು, ಬೇಳೆ ಪುಡಿಯಾಗುತ್ತದೆ. ಬಟ್ಟೆಯ ಮೇಲೆ ಹರಡಿ ನೀರು ಆರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಗಟ್ಟಿಮಾಡಿಕೊಂಡು ಆಮೇಲೆ ತುಂಬಿದರೆ ಕಾಳು ಬಿಡಿಬಿಡಿಯಾಗಿರುತ್ತದೆ. ಆದರೂ ಕಾರ್ಖಾನೆಯಲ್ಲಿ ನಿಮಿಷಗಳಲ್ಲಿ ಗಟ್ಟಿಯಾಗುವ ತರಕಾರಿಗೆ ಮನೆಯ ಫ್ರೀಜರ್‌ನಲ್ಲಿ ಗಂಟೆಗಳು ಹಿಡಿಯುತ್ತವೆ. ಆಗ ದೊಡ್ಡ ಮಂಜಿನ ಹರಳುಗಳು ಬೆಳೆದು ಜೀವಕೋಶಗಳನ್ನು ಸೀಳುತ್ತವೆ. ಸೌತೆಕಾಯಿ ಕರಗಿದಾಗ ನೀರುನೀರಾಗುವುದು ಇದರಿಂದಲೇ. ಪಿಷ್ಟ ಹೆಚ್ಚಿರುವ, ಹೇಗಿದ್ದರೂ ಬೇಯಿಸಿಯೇ ತಿನ್ನುವ ಅವರೆ, ಬಟಾಣಿ, ತೊಗರಿಕಾಳುಗಳಾದರೋ ಈ ಪೆಟ್ಟನ್ನು ತಾಳಿಕೊಳ್ಳುತ್ತವೆ.

ಸೊಗಡಿನ ಮಾತು ಬೇರೆ. ಕಾಯಿ ಮುಟ್ಟಿದರೆ ಬೆರಳಿಗೆ ಅಂಟುವ ಎಣ್ಣೆಯಂಥ ಜಿಗುಟಿನಲ್ಲಿ ಅದರ ಬಹುಪಾಲು ಇದೆ. ಕಾಳು ಬಿಡಿಸಿದ ಕ್ಷಣವೇ ಅದು ಸಿಪ್ಪೆಯೊಂದಿಗೆ ಕಸದ ಬುಟ್ಟಿ ಸೇರುತ್ತದೆ. ಉಳಿದ ಚೂರನ್ನು ಕುದಿನೀರು ಒಯ್ಯುತ್ತದೆ. ಏಪ್ರಿಲ್‌ನಲ್ಲಿ ಸಂಕ್ರಾಂತಿಯ ಘಮ ಬೇಕೆಂದು ಫ್ರೀಜರ್ ತುಂಬುವವರಿಗೆ ನಿರಾಸೆ ಖಚಿತ. ಬರೀ ಕಾಳು ಸಾಕೆನ್ನುವವರಿಗೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಚಳಿಗಾಲದ ಹಂಗಿಲ್ಲದ ಆ ತಳಿಗಳಿಂದಾಗಿ ಬೇಸಿಗೆಯಲ್ಲೂ ಮಾರುಕಟ್ಟೆಗೆ ಹಸಿ ಅವರೆ ಬರುತ್ತದೆ.

ಹಾಗಾದರೆ ಫ್ರೀಜರ್ ತುಂಬುವುದರಿಂದ ಲಾಭವೇನು? ಶ್ರಮದ ಉಳಿತಾಯ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೇ ಹಿತಕುವುದು ಮನೆಮಂದಿ ಸುತ್ತ ಕೂತು ಮಾಡುವ ಕೆಲಸ. ಎಲ್ಲರೂ ಬಿಡುವಾಗಿರುವ ಒಂದು ಭಾನುವಾರ ಅದನ್ನು ಮುಗಿಸಿಟ್ಟರೆ, ಕೆಂಗೇರಿಯಿಂದ ಕೆಲಸಕ್ಕೆ ಓಡುವವರಿಗೂ ವಾರದ ನಡುವೆ ಹಿತಕಿದ ಬೇಳೆ ಸಾರು ಸಾಧ್ಯ. ಒಣಗಿಸಿದ ಅವರೆಬೇಳೆಗೆ ಕರೆಂಟಿನ ಖರ್ಚಿಲ್ಲ ನಿಜ, ಆದರೆ ಹಸಿ ಬೇಳೆಯ ಮೆದು ಅದಕ್ಕಿಲ್ಲ.

ಆದ್ದರಿಂದ ಹಿತಕಿದ ಬೇಳೆಯನ್ನು ಒಂದು ಅಡುಗೆಗೆ ಬೇಕಾದಷ್ಟರ ಸಣ್ಣ ಪೊಟ್ಟಣ ಮಾಡಿ, ತಾರೀಕು ಬರೆದಿಡಿ. ಯುಗಾದಿಯ ಹೊತ್ತಿಗೆ ಮುಗಿಸಿ. ಕರೆಂಟ್ ಹೋಗಿ ಕರಗಿದ್ದನ್ನು ಮತ್ತೆ ಗಟ್ಟಿಮಾಡಬೇಡಿ. ಸೊಗಡು ಬೇಕೆನ್ನುವವರು ಜನವರಿಯಲ್ಲೇ ಹೊಟ್ಟೆತುಂಬ ತಿನ್ನುವುದು ಒಳ್ಳೆಯದು.