ಗವಿಯೊಳಗಿನ ಕೆಂಪಾಚಾರಿ

ಅಮೆರಿಕದ ಜ್ಯಾಕ್ ಕರ್ಬಿ 1971ರಲ್ಲಿ ಆರಂಭಿಸಿದ ‘ಮಿಸ್ಟರ್ ಮಿರಾಕಲ್’ ಕಾಮಿಕ್ಸ್‌ನಲ್ಲಿ ಒಂದು ಅನಾಥಾಲಯ ಬರುತ್ತದೆ. ಗ್ರಾನಿ ಗುಡ್‌ನೆಸ್ ಎಂಬ ಮುದುಕಿ ಅಲ್ಲಿ ಮಕ್ಕಳನ್ನು ಹಿಂಸಿಸಿ, ‘ತಿದ್ದಿ’, ಡಾರ್ಕ್‌ಸೈಡ್ ಎಂಬ ದುಷ್ಟನ ಸೈನಿಕರನ್ನಾಗಿ ಮಾಡುತ್ತಾಳೆ. ಸ್ಕಾಟ್ ಫ್ರೀ ಎಂಬ ಹುಡುಗ ತಪ್ಪಿಸಿಕೊಂಡು ಸೂಪರ್‌ಹೀರೋ ಆಗುತ್ತಾನೆ. ಯಾರ ಪರ ನಿಲ್ಲಬೇಕೆಂಬ ಗೊಂದಲ ಓದುಗನಿಗಿಲ್ಲ.

ಬಂಡಳ್ಳಿ, ಹನೂರು, ಚಿಕ್ಕಲ್ಲೂರಿನ ಸೀಮೆಗೆ ಚಿರಪರಿಚಿತವಾದ ಮಂಟೇಸ್ವಾಮಿ ಕಾವ್ಯದಲ್ಲಿ ಆ ಗೊಂದಲವಿದೆ. ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ, ಗಗ್ಗರ ಹಿಡಿದು ಹಾಡುವ ಈ ಕಾವ್ಯವನ್ನು ನಾನು ದೊಡ್ಡದೆನ್ನುವುದು ಅದಕ್ಕಾಗಿಯೇ. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ನಿಡುಘಟ್ಟದ ಬಾಚಿ ಬಸವಾಚಾರಿಯ ಮನೆಗೆ ಬಂದು ಕಿರಿಯ ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ ಕೇಳುತ್ತಾರೆ. ತಂದೆತಾಯಿ ಕೊಡಲೊಪ್ಪುವುದಿಲ್ಲ. ಗುರು ಬಿಡುವುದಿಲ್ಲ. ಹುಡುಗನನ್ನು ಗವಿಗೆ ತಳ್ಳಿ, ಹಸಿವು ನೋವು ಉಣಿಸಿ, ಕೊನೆಗೆ ಸಿದ್ದಪ್ಪಾಜಿಯನ್ನಾಗಿ ಹೊರತರುತ್ತಾರೆ.

ಭಕ್ತಿಯ ಕತೆ ಇಷ್ಟಕ್ಕೇ ತೃಪ್ತಿಪಡಬಹುದಿತ್ತು. ಆದರೆ ‘ಕೆಂಪಾಚಾರಿ ಸಾಲು’ ಎಂಬ ಈ ಭಾಗವನ್ನು ಪೂರ್ತಿ ಕೇಳಿದವರಿಗೆ ಪವಾಡಕ್ಕಿಂತ ಮೊದಲು ನೆನಪಾಗುವುದು ತಾಯಿ ಮುದ್ದಮ್ಮನ ಅಳಲು. ಗುರುವನ್ನು ದೇವರೆಂದು ನಂಬಿದ ಹಾಡುಗಾರನೇ ಆ ಗುರು ಒಂದು ಮನೆಯನ್ನು ಹೇಗೆ ನೋಯಿಸಿದ ಎಂಬುದನ್ನೂ ಮರೆಮಾಚದೆ ಹಾಡುತ್ತಾನೆ. ಕರ್ಬಿಯ ಮುದುಕಿಯನ್ನು ದ್ವೇಷಿಸುವುದು ಸುಲಭ. ಕೈಮುಗಿದುಕೊಂಡೇ ಕ್ರೌರ್ಯವನ್ನು ಕ್ರೌರ್ಯವೆಂದು ಕಾಣಿಸುವುದು ಕಷ್ಟ. ನಮ್ಮ ಮೌಖಿಕ ಪರಂಪರೆ ಆ ಕಷ್ಟದ ಕೆಲಸ ಮಾಡಿದೆ.

ಮುಂದೆ ಬರುವ ಹಲಗೂರಿನ ಭಾಗ ಇನ್ನೂ ತೀಕ್ಷ್ಣ. ಕಬ್ಬಿಣದ ಭಿಕ್ಷೆ ತರಲು ಗುರು ಕಳಿಸುವುದು ಆ ಊರಿನ, ಸಿದ್ದಪ್ಪಾಜಿಯ ಸ್ವಂತ ಕುಲದ ಪಾಂಚಾಳರ ಬಳಿಗೇ. ಕುಲುಮೆಯ ಮನೆಯ ಮಗ ಕುಲುಮೆಯವರ ಮುಂದೆ ಜೋಳಿಗೆ ಒಡ್ಡಬೇಕು! ಇಲ್ಲಿ ಮಾತ್ರ ನನಗೊಂದು ಅತೃಪ್ತಿಯಿದೆ. ಸತ್ವಪರೀಕ್ಷೆಗಳು ಒಂದರ ಮೇಲೊಂದು ಬಂದಂತೆ ಪಾಂಚಾಳರು ಬರೀ ದುಷ್ಟರಾಗಿಬಿಡುತ್ತಾರೆ. ಮುದ್ದಮ್ಮನಿಗೆ ಸಿಕ್ಕ ಕರುಣೆ ಅವರಿಗೆ ಸಿಗುವುದಿಲ್ಲ; ದುಡಿಯುವವರಿಗೆ ತಮ್ಮ ಕಬ್ಬಿಣದ ಮೇಲಿನ ಹಕ್ಕೂ ಒಂದು ನ್ಯಾಯವೇ ಎಂಬುದು ಹಾಡಿನೊಳಗೆ ಬರುವುದೇ ಇಲ್ಲ.

ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಗದ್ದುಗೆಯಲ್ಲಿ ಚಂದ್ರಮಂಡಲ ಜ್ಯೋತಿ ಹೊತ್ತಿಸುವುದರೊಂದಿಗೆ ಜಾತ್ರೆ ಶುರುವಾಗುತ್ತದೆ. ಅಲ್ಲಿ ಹಾಡುವಾಗ ಸಮಯವಿಲ್ಲವೆಂದು ಕತೆಯನ್ನು ಮೊಟಕು ಮಾಡುವವರು ಹಲಗೂರಿನ ಪವಾಡಗಳಲ್ಲಿ ಎರಡನ್ನು ಬಿಡಲಿ. ನಿಡುಘಟ್ಟದ ಮನೆಯ ಭಾಗವನ್ನು ಬಿಡಬಾರದು.